300 ರಿಯಾಲಿನ ತಟ್ಟೆಯಲ್ಲಿ ಕೀಟೊ

ಕಾರ್ಬೊಹೈಡ್ರೇಟನ್ನು ತೀರಾ ಇಳಿಸುವ ಕೀಟೊ ಪಥ್ಯದಲ್ಲಿ ಸೊಪ್ಪು, ತರಕಾರಿಗೆ ಜಾಗವಿದೆ. ತೆಂಗಿನಕಾಯಿ, ಎಳ್ಳು, ಕಡಲೆಬೀಜಕ್ಕೂ ಇದೆ. ಬರೀ ಮಾಂಸ ತಿನ್ನುವ ಕಾರ್ನಿವೋರ್ ಪಥ್ಯದಲ್ಲಿ ಇವಾವುದಕ್ಕೂ ಜಾಗವಿಲ್ಲ. ಹಾಗಾಗಿ ಆ ಪಥ್ಯಕ್ಕೆ ದೋಹಾದ ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕ ಕ್ಯಾಂಪುಗಳಲ್ಲಿ ಜಾಗವಿಲ್ಲ. ಇಷ್ಟಕ್ಕೇ ಮುಗಿಯಬೇಕಿದ್ದ ಮಾತು. ಆದರೆ 2026ರ ಜನವರಿಯಲ್ಲಿ ಅಮೆರಿಕ ಸರ್ಕಾರ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿ ಪಿರಮಿಡ್ಡನ್ನು ತಲೆಕೆಳಗಾಗಿ ನಿಲ್ಲಿಸಿದ್ದೇ ತಡ, ನಮ್ಮ ವಾಟ್ಸ್‌ಆ್ಯಪ್ ವೈದ್ಯರಿಗೆ ಮತ್ತೆ ಹುರುಪು ಬಂದಿದೆ. ಅನ್ನ ಬಿಡಿ, ಬೇಳೆ ಬಿಡಿ, ತರಕಾರಿಯನ್ನೂ ಬಿಡಿ, ಶುಗರ್ ತಾನಾಗಿ ಹೋಗುತ್ತದೆ ಎನ್ನುತ್ತಿದ್ದಾರೆ. ಆ ಪಿರಮಿಡ್ಡಿನ ಮೇಲಿನ ಸಾಲಿನಲ್ಲಿ ಮಾಂಸ, ಹಾಲಿನ ಮಗ್ಗುಲಲ್ಲೇ ತರಕಾರಿ, ಹಣ್ಣುಗಳೂ ಕೂತಿವೆ. ಫಾರ್ವರ್ಡ್ ಮಾಡುವವರು ಚಿತ್ರದ ಅರ್ಧ ಭಾಗವನ್ನಷ್ಟೇ ನೋಡಿದಂತಿದೆ.

ಇತಿಹಾಸವನ್ನು ಎರಡೇ ಮಾತಿನಲ್ಲಿ ಮುಗಿಸೋಣ. ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ 1921ರಲ್ಲಿ ಕೀಟೊ ಪಥ್ಯವನ್ನು ಸೂಚಿಸಿದ್ದು ಮೂರ್ಛೆರೋಗಕ್ಕೆ. ಅಲ್ಲಿ ಲೆಕ್ಕ ಇದ್ದದ್ದು ಕಾರ್ಬೊಹೈಡ್ರೇಟಿನದು, ಗಿಡ ಅಥವಾ ಪ್ರಾಣಿ ಎಂಬುದಲ್ಲ. 1971ರಲ್ಲಿ ಪೀಟರ್ ಹಟೆನ್‌ಲೋಕರ್ ಅದೇ ಪಥ್ಯವನ್ನು ಮಕ್ಕಳಿಗೆ ಸಲೀಸು ಮಾಡಲು ತಂದ ಎಂಸಿಟಿ ಎಣ್ಣೆಯ ಮೂಲ ತೆಂಗು ಮತ್ತು ತಾಳೆ ಬೀಜ. ಕಾರ್ನಿವೋರ್ ಪಕ್ಷದವರು ನೆಚ್ಚುವ ಪೂರ್ವನಿದರ್ಶನವೆಂದರೆ 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ನಿಗಾದಲ್ಲಿ ವಿಲ್ಹ್ಯಾಲ್ಮರ್ ಸ್ಟೆಫಾನ್ಸನ್ ಮತ್ತು ಕಾರ್ಸ್ಟನ್ ಆ್ಯಂಡರ್ಸನ್ ಒಂದು ವರ್ಷ ಮಾಂಸವನ್ನಷ್ಟೇ ತಿಂದದ್ದು. ಬದುಕಿದರು, ನಿಜ. ಇಬ್ಬರೇ ಇಬ್ಬರು, ಅದೂ ವೈದ್ಯರ ಕಣ್ಗಾವಲಿನಲ್ಲಿ. ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟಾಗ ಸ್ಟೆಫಾನ್ಸನ್ ಕಾಯಿಲೆ ಬಿದ್ದರು ಎಂಬ ಭಾಗವನ್ನು ಯಾರೂ ಹೇಳುವುದಿಲ್ಲ. 'ಕಾರ್ನಿವೋರ್ ಕೋಡ್' ಬರೆದ ಪಾಲ್ ಸಲಾಡಿನೊ ಕೂಡ ಆಮೇಲೆ ಹಣ್ಣು, ಜೇನುತುಪ್ಪಕ್ಕೆ ಮರಳಿದ್ದಾರೆ.

ಈ ಚರ್ಚೆಯಲ್ಲಿ ಯಾರೂ ಎತ್ತದ ಸಂಖ್ಯೆಯೊಂದಿದೆ: 300 ರಿಯಾಲ್. ಕತಾರ್‌ನ 2020ರ 17ನೇ ಕಾನೂನಿನ ಪ್ರಕಾರ 2021ರ ಮಾರ್ಚ್ 20ರಿಂದ ಜಾರಿಗೆ ಬಂದ ಕನಿಷ್ಠ ವೇತನದಲ್ಲಿ ಮೂಲ ಸಂಬಳ 1,000 ರಿಯಾಲ್. ಕಂಪನಿ ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300. ತಿಂಗಳಿಗೆ 300 ಎಂದರೆ ದಿನಕ್ಕೆ 10 ರಿಯಾಲ್. ಮೂರು ಹೊತ್ತಿನ ಊಟ, ಸಂಜೆಯ ಕರಕ್ ಚಾಯ್ ಎಲ್ಲ ಅದರಲ್ಲೇ ಆಗಬೇಕು. ಆಗ ಈ ಕನಿಷ್ಠ ವೇತನವನ್ನು ಕೊಲ್ಲಿಯ ದೊಡ್ಡ ಸುಧಾರಣೆ ಎಂದು ಹಲವರು ಹೊಗಳಿದರು. ಹೊಗಳಿಕೆಗೆ ಅದು ಅರ್ಹವೂ ಹೌದು. ಆದರೆ ಕಾನೂನು ರಿಯಾಲಿನ ಲೆಕ್ಕ ಕೊಟ್ಟಿತೇ ಹೊರತು ತಟ್ಟೆಯಲ್ಲಿ ಏನೆಷ್ಟು ಇರಬೇಕೆಂಬ ಲೆಕ್ಕ ಕೊಡಲಿಲ್ಲ.

ಈಗ ಈ 10 ರಿಯಾಲಿಗೆ ಬರೀ ಪ್ರಾಣಿಜನ್ಯ ಆಹಾರದ ತಟ್ಟೆ ಹಾಕಿ ನೋಡಿ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಅಂದಾಜಿನಂತೆ 65 ಕೆ.ಜಿ. ತೂಕದ, ಕಷ್ಟದ ದುಡಿಮೆಯ ಗಂಡಸಿಗೆ ದಿನಕ್ಕೆ 3,470 ಕಿಲೊಕ್ಯಾಲರಿ ಬೇಕು. ಪ್ರಾಣಿಮೂಲದ ಅಗ್ಗದ ಆಹಾರಗಳಲ್ಲಿ ಮೊಟ್ಟೆಯೂ ಒಂದು. ಒಂದು ಮೊಟ್ಟೆಗೆ 70 ಕಿಲೊಕ್ಯಾಲರಿ ಹಿಡಿದರೆ ದಿನಕ್ಕೆ 50 ಮೊಟ್ಟೆ ಬೇಕು. 30 ಮೊಟ್ಟೆಯ ಟ್ರೇ ಒಂದು ಖಾಲಿಯಾಗಿ ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿಯಬೇಕು, ಅದೂ ದಿನಾ. ಏಷ್ಯನ್ ಟೌನಿನ ಯಾವ ಅಂಗಡಿಯವನಿಗಾದರೂ 10 ರಿಯಾಲ್ ಕೊಟ್ಟು ಇದನ್ನು ಕೇಳಿ ನೋಡಿ. ಕುರಿ ಮಾಂಸದ ಮಾತು ಬೇಡವೇ ಬೇಡ.

ಹಾಗಾದರೆ 10 ರಿಯಾಲಿಗೆ 3,470 ಕಿಲೊಕ್ಯಾಲರಿ ಎಲ್ಲಿಂದ ಬರುತ್ತದೆ? ಅಕ್ಕಿಯಿಂದ, ಖುಬ್ಬೂಸಿನಿಂದ, ಪರೋಟದ ಮೈದಾದಿಂದ, ಚಾಯ್‌ನ ಸಕ್ಕರೆಯಿಂದ. ಮೆಸ್ಸಿನ ಗುತ್ತಿಗೆದಾರನಿಗೆ ಹೊಟ್ಟೆ ತುಂಬಿಸುವ ಅಗ್ಗದ ದಾರಿ ಅದೊಂದೇ. ಕ್ಯಾಂಪಿನ ಕ್ಯಾಂಟೀನುಗಳಲ್ಲಿ ಅನ್ನಕ್ಕೆ ಮಿತಿಯಿಲ್ಲ. ಎಣಿಸಿ ಹಾಕುವುದು ಕೋಳಿ ತುಂಡನ್ನು, ಅಳೆದು ಬಡಿಸುವುದು ಪಲ್ಯವನ್ನು. ಶುಗರಿನ ವಿಷಯ ಶುರುವಾಗುವುದು ಇಲ್ಲಿಂದ. ಸಸ್ಯಾಹಾರವೋ ಮಾಂಸಾಹಾರವೋ ಎಂಬ ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ. ಅನ್ನವೂ ಸಸ್ಯವೇ, ಹರಿವೆಯೂ ಸಸ್ಯವೇ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಎಸೆಯಿರಿ ಎನ್ನುವುದು ಎಂಥ ಪಥ್ಯಶಾಸ್ತ್ರ?

ಕೀಟೊದ ಮಿತಿ ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೊಹೈಡ್ರೇಟ್. ಒಂದೂವರೆ ಹಿಡಿ ಅಕ್ಕಿಯ ಅನ್ನಕ್ಕೆ ಅದು ಮುಗಿಯಿತು. ಬೇಳೆಗೂ ಕಟ್ಟುನಿಟ್ಟಿನ ಕೀಟೊದಲ್ಲಿ ಜಾಗ ಕಡಿಮೆ, ಇದನ್ನು ಒಪ್ಪಬೇಕು. ಆದರೆ ಸೌತೆ, ಹೀರೆ, ಬದನೆ, ಬಸಳೆ, ಎಲೆಕೋಸು ಎಷ್ಟು ತಿಂದರೂ ಆ ಗೆರೆ ದಾಟುವುದು ಕಷ್ಟ. ಕಾಯಿ ತುರಿದು ಹಾಕಿದ ಬಸಳೆ ಪಲ್ಯ ಕೀಟೊಗೆ ಹೊಂದುತ್ತದೆಯೇ ಎಂದು ಉಡುಪಿಯ ಹುಡುಗನೊಬ್ಬ ಕೇಳಿದರೆ ಹೊಂದುತ್ತದೆ ಎಂದೇ ಉತ್ತರ. ಅವನ ತೊಡಕಿರುವುದು ಪಲ್ಯದಲ್ಲಲ್ಲ, ಪಲ್ಯದ ಕೆಳಗಿನ ಅನ್ನದ ರಾಶಿಯಲ್ಲಿ.

ಆ ರಾಶಿಯನ್ನು ಎಷ್ಟು ಇಳಿಸಬೇಕು? ಮಧುಮೇಹದ ಸಮೀಕ್ಷೆ ನಡೆಸುವ ಐಸಿಎಂಆರ್-ಇಂಡಿಯಾಬ್ ತಂಡ 2022ರಲ್ಲಿ 18,090 ಜನರ ಆಹಾರದ ಲೆಕ್ಕ ಹಾಕಿ, ಹೊಸದಾಗಿ ಮಧುಮೇಹ ಬಂದವರಲ್ಲಿ ಅದು ಹಿಂದೆ ಸರಿಯಲು ಕಾರ್ಬೊಹೈಡ್ರೇಟಿನ ಪಾಲು ಶೇ 49-54ಕ್ಕೆ ಇಳಿದು, ಪ್ರೋಟೀನಿನ ಪಾಲು ಶೇ 19-20ಕ್ಕೆ ಏರಬೇಕೆಂದಿತು. ಶೇ 5ಕ್ಕೋ 10ಕ್ಕೋ ಇಳಿಸಿ ಎನ್ನಲಿಲ್ಲ. ಅದೇ ತಂಡದ 2025ರ ವರದಿಯ ಪ್ರಕಾರ ಭಾರತೀಯರ ಊಟದಲ್ಲಿ ಕಾರ್ಬೊಹೈಡ್ರೇಟಿನ ಪಾಲು ಶೇ 62. ಅದರಲ್ಲಿ ಒಟ್ಟು ಕ್ಯಾಲರಿಯ ಶೇ 5ರಷ್ಟನ್ನು ಬೇಳೆಕಾಳು ಅಥವಾ ಹಾಲಿನ ಪ್ರೋಟೀನಿಗೆ ಬದಲಿಸಿಕೊಂಡರೆ ಮಧುಮೇಹದ ಸಾಧ್ಯತೆ ತಗ್ಗುತ್ತದೆ. ಕೆಂಪು ಮಾಂಸಕ್ಕೆ ಬದಲಿಸಿಕೊಂಡರೆ ಆ ಲಾಭ ಕಾಣಲಿಲ್ಲ. ಕಾರ್ನಿವೋರ್ ವಾದಿಗಳು ಉತ್ತರಿಸಬೇಕಾದ್ದು ಇದಕ್ಕೆ.

ಈ ಶೇ 5 ಕೇಳಲು ಚಿಕ್ಕದು. 3,470ರಲ್ಲಿ ಶೇ 5 ಎಂದರೆ ಸುಮಾರು 173 ಕಿಲೊಕ್ಯಾಲರಿ, ಅಂದರೆ 43 ಗ್ರಾಂ ಪ್ರೋಟೀನ್. ಅಷ್ಟನ್ನು ಮೊಟ್ಟೆಯಿಂದ ಪಡೆಯಲು ಏಳು ಮೊಟ್ಟೆ ಬೇಕು. 80-85 ಗ್ರಾಂ ಮೀಲ್ ಮೇಕರ್‌ನಲ್ಲಿ (ಸೋಯಾ ತುಂಡು) ಅಷ್ಟೇ ಪ್ರೋಟೀನ್ ಸಿಗುತ್ತದೆ. ರೂಮಿನಲ್ಲಿ ಗಂಟೆಗಟ್ಟಲೆ ಸೋಯಾ ಮೆಲ್ಲುವುದು ಯಾರಿಗೂ ಇಷ್ಟವಲ್ಲ, ನನಗೂ ಅಲ್ಲ. ಆದರೂ ಗಾಢ ಮಸಾಲೆಯ ಸಾರಿನಲ್ಲಿ ಬೆಂದ ಸೋಯಾ, ಒಂದು ಲೋಟ ಮೊಸರು, ಎರಡು ಮೊಟ್ಟೆ, ಒಂದು ದೊಡ್ಡ ಸೌಟು ತರಕಾರಿ ಸೇರಿದರೆ ಈ ಶೇ 5ರ ಪ್ರೋಟೀನಿನ ಗುರಿ ಮುಟ್ಟುತ್ತದೆ, 10 ರಿಯಾಲಿನ ಆಸುಪಾಸಿನಲ್ಲೇ.

ಇನ್ನು ಬಿಸಿಲು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಕತಾರಿನಲ್ಲಿ ಹೊರಾಂಗಣ ದುಡಿಮೆ ನಿಷಿದ್ಧ. ತೇವಾಂಶ, ಬಿಸಿಲು ಸೇರಿಸಿ ಅಳೆಯುವ ಡಬ್ಲ್ಯುಬಿಜಿಟಿ ಸೂಚ್ಯಂಕ 32.1 ದಾಟಿದರೆ ಯಾವ ದಿನವಾದರೂ ಕೆಲಸ ನಿಲ್ಲಬೇಕು. ಅಂಥ ಊರಿನಲ್ಲಿ ಕಾರ್ಬೊಹೈಡ್ರೇಟ್ ಒಮ್ಮೆಲೇ ನಿಲ್ಲಿಸಿದರೆ ಮೊದಲ ವಾರಗಳಲ್ಲಿ ದೇಹ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಬೆವರಿನಲ್ಲಿ ಹೋಗುವುದು ಬೇರೆ. ಮೂತ್ರಪಿಂಡದ ಕಲ್ಲು ಕೀಟೊ ಪಥ್ಯದ ಗೊತ್ತಿರುವ ಅಡ್ಡ ಪರಿಣಾಮ, ನೀರು ಕಡಿಮೆಯಾದಲ್ಲಿ ಇನ್ನೂ ಹೆಚ್ಚು.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಮಧುಮೇಹದ ಮಾತ್ರೆ. ಭಾರತದಲ್ಲಿ ಡಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲಿ. ಬೆಲೆ ಇಳಿಯಿತು. ರಜೆಗೆ ಬಂದವರು ಮಂಗಳೂರಿನಿಂದ ಮೂರ್ನಾಲ್ಕು ತಿಂಗಳ ಮಾತ್ರೆ ಪೆಟ್ಟಿಗೆಗೆ ಹಾಕಿಕೊಂಡು ಹೋಗುತ್ತಾರೆ. ಈ ಮಾತ್ರೆ ನುಂಗುತ್ತಾ ಕೀಟೊ ಅಥವಾ ಕಾರ್ನಿವೋರ್ ಹಿಡಿದರೆ ಶುಗರ್ ಹೆಚ್ಚು ಏರದೆಯೇ ರಕ್ತ ಆಮ್ಲೀಯವಾಗುವ ಕೀಟೊಅಸಿಡೋಸಿಸ್ ಬರಬಹುದು. ಮೀಟರಿನಲ್ಲಿ ಸಂಖ್ಯೆ ಅಂಥ ಗಾಬರಿ ಹುಟ್ಟಿಸದ ಕಾರಣ ರೂಮ್‌ಮೇಟ್‌ಗಳು ವಾಂತಿ, ಸುಸ್ತನ್ನು ಬಿಸಿಲಿನ ಲೆಕ್ಕಕ್ಕೆ ಹಾಕುತ್ತಾರೆ. ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅನ್ನ ನಿಲ್ಲಿಸಕೂಡದು. ಫಾರ್ವರ್ಡ್‌ನಲ್ಲಿ ಈ ಸಾಲು ಇರುವುದೇ ಇಲ್ಲ.

ದೋಹಾದಲ್ಲೇ ಮಧುಮೇಹ ಹಿಂದೆ ಸರಿದದ್ದಿದೆಯಲ್ಲ ಎನ್ನುವವರಿದ್ದಾರೆ. ಇದೆ. ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಶಹ್ರಾದ್ ತಾಹೇರಿ ತಂಡದ ಡಯಾಡೆಮ್-1 ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ತೀವ್ರ ಜೀವನಶೈಲಿ ಚಿಕಿತ್ಸೆ ಪಡೆದವರಲ್ಲಿ ಶೇ 61ರಷ್ಟು ಜನರಿಗೆ ಮಾತ್ರೆಯಿಲ್ಲದೆ ಶುಗರ್ ಹತೋಟಿಗೆ ಬಂತು. ಮಾಮೂಲಿ ಚಿಕಿತ್ಸೆಯಲ್ಲಿ ಶೇ 12. ಅಲ್ಲಿ ಕೊಟ್ಟದ್ದು ಮಾಂಸವಲ್ಲ, 12 ವಾರ ದಿನಕ್ಕೆ ಸುಮಾರು 800 ಕಿಲೊಕ್ಯಾಲರಿಯ ಪುಡಿ, ಆಮೇಲೆ ಹಂತಹಂತವಾಗಿ ಮಾಮೂಲಿ ಊಟ. ಇಳಿದದ್ದು ಸರಾಸರಿ 12 ಕೆ.ಜಿ. ತೂಕ. ಸೇರಿದ್ದವರು ಮಧ್ಯಪ್ರಾಚ್ಯ, ಉತ್ತರ ಆಫ್ರಿಕ ಮೂಲದವರು. ಕ್ಯಾಂಪಿನ ದಕ್ಷಿಣ ಏಷ್ಯದವರಿಗೆ ಅದನ್ನು ಹಾಗೇ ಅಂಟಿಸಲಾಗದು. 800 ಕಿಲೊಕ್ಯಾಲರಿಯಲ್ಲಿ ಕಬ್ಬಿಣ ಕಟ್ಟಲೂ ಆಗದು.

2019ರ ಜನವರಿಯಿಂದ ಗ್ಯಾಸ್ ತುಂಬಿದ ತಂಪು ಪಾನೀಯಕ್ಕೆ ಶೇ 50, ಎನರ್ಜಿ ಡ್ರಿಂಕಿಗೆ ಶೇ 100 ತೆರಿಗೆ ಹಾಕಿದ್ದು ಕತಾರ್ ಸರ್ಕಾರ. ಬಾಟಲಿಯೊಳಗಿನ ಸಕ್ಕರೆ ಕಂಡವರಿಗೆ ಕ್ಯಾಂಪಿನ ಕ್ಯಾಂಟೀನು ಕಾಣದೇ? ಬಿಸಿಲಿನ ನಿಯಮ ತಂದ 2021ರ ಆದೇಶದಲ್ಲೇ ವರ್ಷಕ್ಕೊಮ್ಮೆ ಕಾರ್ಮಿಕರ ಆರೋಗ್ಯ ತಪಾಸಣೆ ಮಾಡಿಸಬೇಕೆಂದಿದೆ. ಇಂಡಸ್ಟ್ರಿಯಲ್ ಏರಿಯಾದಲ್ಲೇ ಹಝ್ಮ್ ಮುಬೈರೀಕ್ ಆಸ್ಪತ್ರೆಯಿದೆ. ಒಂದೊಂದು ಕ್ಯಾಂಪಿನಲ್ಲಿ ಎಷ್ಟು ಜನರ ಶುಗರ್ ಏರಿದೆ ಎಂಬ ಅಂಕಿಯನ್ನು, ಹೆಸರು ಬಿಟ್ಟು, ಆ ಕ್ಯಾಂಪಿನ ಅಡುಗೆ ಗುತ್ತಿಗೆಗೆ ಲಗತ್ತಿಸಿದರೆ ಸಾಕು. ದೋಹಾದ ಕರ್ನಾಟಕ ಸಂಘ, ತುಳು ಕೂಟದವರು ಕೇಳಬೇಕಾದ್ದು ಇದನ್ನೇ. ಗುತ್ತಿಗೆ ಪತ್ರದಲ್ಲಿ ಅನ್ನದ ಸಾಲಿನ ಕೆಳಗೆ ತಲೆಗೆ ಇಷ್ಟು ಗ್ರಾಂ ತರಕಾರಿ, ಇಷ್ಟು ಗ್ರಾಂ ಪ್ರೋಟೀನ್ ಎಂದು ಬರೆಸಲಿ. ಅದಕ್ಕೆ 300 ಸಾಲದಿದ್ದರೆ, ಎಷ್ಟು ಸಾಲದು ಎಂದು ಗುತ್ತಿಗೆದಾರನೇ ಲೆಕ್ಕ ಕೊಡಲಿ.