ಮಾತು ತುಂಡಾಗದ ಓಟ
ಹೊಸದಾಗಿ ಓಡಲೆಂದು ಕರ್ಕಿಯ ಕಡಲತೀರಕ್ಕೆ ಇಳಿದವರಿಗೆ ನನ್ನ ಮೊದಲ ಮಾತು: ನಿಧಾನ, ಇನ್ನೂ ನಿಧಾನ. ಎರಡೇ ನಿಮಿಷಕ್ಕೆ ಏದುಸಿರು ಬಂದು, ಪಕ್ಕೆ ಹಿಡಿದು, ‘ನನಗಿದು ಆಗದು’ ಎಂದು ಮನೆಗೆ ತಿರುಗುವವರನ್ನು ಕಂಡರೆ ಸಂಕಟವಾಗುತ್ತದೆ; ಹೆಚ್ಚಿನವರಲ್ಲಿ ತಪ್ಪಿರುವುದು ವೇಗ ಮಾತ್ರ. ಹಾಸ್ಯಗಾರ ಮನೆತನದ ಯಕ್ಷಗಾನದಿಂದ ಹೆಸರಾದ ಊರಿದು. ಮಂಡಿ ಹಾಕಿ ಸುತ್ತಿದ ವೇಷಧಾರಿ ಮರುಕ್ಷಣವೇ ಅರ್ಥ ಹೇಳುತ್ತಾನಲ್ಲ, ಆ ಉಸಿರು ವರ್ಷಗಟ್ಟಲೆ ಕುಣಿದು ಬಂದದ್ದು. ಹೊಸಬರು ಓಡುತ್ತಲೇ ಒಂದು ಪೂರ್ತಿ ವಾಕ್ಯ ಆಡಲು ಆಗುವಷ್ಟೇ ವೇಗದಲ್ಲಿರಬೇಕು. ಮಾತು ತುಂಡಾಯಿತೇ, ನಡೆಯಿರಿ. ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಓಡಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ವಾರಕ್ಕೆ ಮೂರು ದಿನ. ಶುರುವಿಗೆ ಇಷ್ಟು ಸಾಕು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದಿಲ್ಲ, ಎದೆಬಡಿತ ಏರುತ್ತದೆ. ಹಾಗಾಗಿ ಬೆಳಗಿನ ಜಾವವೇ ಲೇಸು. ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು, ಮೀನಖಂಡವೂ ಹೆಚ್ಚು ಎಳೆಯುತ್ತದೆ. ಇಳಿತದ ಹೊತ್ತಿಗೆ ನೀರಂಚಿನಲ್ಲಿ ಗಟ್ಟಿ ಮರಳು ಸಿಗುತ್ತದೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ದಡ ಓರೆ, ಹೋದ ದಾರಿಯಲ್ಲೇ ಹಿಂದಿರುಗಿದರೆ ಒಂದೇ ಕಾಲಿಗೆ ಭಾರ ಬೀಳದು. ಮರುದಿನ ಎರಡೂ ತೊಡೆ ನೋಯುವುದು ಸಹಜ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಮೂಳೆಯ ಮೇಲೆ ಒಂದೇ ಕಡೆ ಚುಚ್ಚುವ ನೋವಿದ್ದರೆ ಓಟ ನಿಲ್ಲಿಸಿ. ಎದೆ ಬಿಗಿತ, ಉಬ್ಬಸ, ತಲೆಸುತ್ತು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ.