ಕಾಲೇಜು ಫುಟ್‌ಬಾಲ್ ಪ್ಲೇಆಫ್ ವಿಸ್ತರಣೆ ಮತ್ತು ಬೌಲ್ ಪಂದ್ಯಗಳ ವಿವಾದ

ಕಾಲೇಜು ಫುಟ್‌ಬಾಲ್ ಪ್ಲೇಆಫ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ತಂಡಗಳಲ್ಲಿ ರಾಷ್ಟ್ರೀಯ ಚಾಂಪಿಯನ್ ಯಾರೆಂಬುದನ್ನು ನಿರ್ಧರಿಸುವ ಟೂರ್ನಿ. 2014ರಲ್ಲಿ ನಾಲ್ಕು ತಂಡಗಳೊಂದಿಗೆ ಆರಂಭವಾದ ಇದು 2024ರಲ್ಲಿ ಹನ್ನೆರಡು ತಂಡಗಳಿಗೆ ವಿಸ್ತರಣೆಗೊಂಡಿತು. ಇದನ್ನು ಹದಿನಾರಕ್ಕೋ ಇಪ್ಪತ್ತನಾಲ್ಕಕ್ಕೋ ಏರಿಸಬೇಕೆಂಬ ಬೇಡಿಕೆ ಮತ್ತು ಅದರಿಂದ ಶತಮಾನದಷ್ಟು ಹಳೆಯದಾದ ‘ಬೌಲ್’ ಪಂದ್ಯಗಳ ಮೇಲಾಗುವ ಪರಿಣಾಮ ವ್ಯಾಪಕ ಚರ್ಚೆಗೆ ಕಾರಣವಾಗಿವೆ. ಮೇಲ್ನೋಟಕ್ಕೆ ಇದು ತಂಡಗಳ ಸಂಖ್ಯೆಯ ಪ್ರಶ್ನೆ. ಆದರೆ ಸಂಖ್ಯೆ ಹೆಚ್ಚಿದಾಗಲೆಲ್ಲ ವಿವಾದವು ತೀರದೆ, ಕೊನೆಯ ಸ್ಥಾನದೊಂದಿಗೆ ತಾನೂ ಕೆಳಗೆ ಸರಿದಿದೆ. ಸ್ಥಾನಗಳನ್ನು ಹಂಚುವ ಅಧಿಕಾರ ಯಾರದು, ಮೈದಾನದ ಫಲಿತಾಂಶಕ್ಕೆ ಎಷ್ಟು ಬೆಲೆ ಎಂಬುವೇ ಅದರ ತಿರುಳು.

ಹಿನ್ನೆಲೆ

ಬೌಲ್ ಪಂದ್ಯಗಳು ಹುಟ್ಟಿದ್ದು ಚಾಂಪಿಯನ್ನರನ್ನು ಆರಿಸುವುದಕ್ಕಲ್ಲ, ಪ್ರವಾಸಿಗರನ್ನು ಸೆಳೆಯುವುದಕ್ಕೆ. ಕ್ಯಾಲಿಫೋರ್ನಿಯದ ಪ್ಯಾಸಡೀನಾ ನಗರದಲ್ಲಿ ಹೊಸವರ್ಷದಂದು ನಡೆಯುತ್ತಿದ್ದ ಗುಲಾಬಿ ಉತ್ಸವದ ಅಂಗವಾಗಿ 1902ರಲ್ಲಿ ಮೊದಲ ಪಂದ್ಯ ಜರುಗಿತು. ಮಿಷಿಗನ್ ತಂಡವು ಸ್ಟ್ಯಾನ್‌ಫರ್ಡ್ ತಂಡವನ್ನು 49–0 ಅಂತರದಿಂದ ಸೋಲಿಸಿತು. ಪಂದ್ಯ ಎಷ್ಟು ಏಕಪಕ್ಷೀಯವಾಗಿತ್ತೆಂದರೆ ಸಂಘಟಕರು ಮುಂದಿನ ವರ್ಷಗಳಲ್ಲಿ ಫುಟ್‌ಬಾಲನ್ನು ಕೈಬಿಟ್ಟು ರೋಮನ್ ಶೈಲಿಯ ರಥಗಳ ಓಟವನ್ನೂ ನಡೆಸಿದರು. 1916ರಲ್ಲಿ ಫುಟ್‌ಬಾಲ್ ಮರಳಿತು. ಬಟ್ಟಲಿನಾಕಾರದ ಕ್ರೀಡಾಂಗಣದಿಂದಾಗಿ ಪಂದ್ಯಕ್ಕೆ ‘ರೋಸ್ ಬೌಲ್’ ಎಂಬ ಹೆಸರು ನಿಂತಿತು. 1935ರಲ್ಲಿ ಆರೆಂಜ್, ಶುಗರ್ ಮತ್ತು ಸನ್ ಬೌಲ್‌ಗಳೂ 1937ರಲ್ಲಿ ಕಾಟನ್ ಬೌಲ್ ಕೂಡ ಆರಂಭವಾದವು. ಚಳಿಗಾಲದಲ್ಲಿ ಬೆಚ್ಚಗಿರುವ ದಕ್ಷಿಣದ ನಗರಗಳ ಹೋಟೆಲು ಮತ್ತು ವ್ಯಾಪಾರಗಳಿಗೆ ಇವು ಆಸರೆಯಾದವು.

ಚಾಂಪಿಯನ್ ಪಟ್ಟವಾದರೋ ಪತ್ರಕರ್ತರ ಹಾಗೂ ತರಬೇತುದಾರರ ಮತಗಣನೆಯಿಂದ ನಿರ್ಧಾರವಾಗುತ್ತಿತ್ತು. 1990, 1991 ಮತ್ತು 1997ರಲ್ಲಿ ಎರಡು ಮತಗಣನೆಗಳು ಬೇರೆಬೇರೆ ತಂಡಗಳನ್ನು ಚಾಂಪಿಯನ್ ಎಂದು ಸಾರಿದವು. ಬೌಲ್‌ಗಳು ನಿರ್ದಿಷ್ಟ ಕಾನ್ಫರೆನ್ಸ್‌ಗಳೊಡನೆ, ಅಂದರೆ ವಿಶ್ವವಿದ್ಯಾಲಯಗಳು ಕೂಡಿ ರಚಿಸಿಕೊಂಡ ಸ್ಪರ್ಧಾ ಒಕ್ಕೂಟಗಳೊಡನೆ, ಒಪ್ಪಂದ ಮಾಡಿಕೊಂಡಿದ್ದುದರಿಂದ ಮೊದಲ ಎರಡು ಸ್ಥಾನದ ತಂಡಗಳು ಮುಖಾಮುಖಿಯಾಗುವುದೇ ಆಕಸ್ಮಿಕವಾಗಿತ್ತು. ಇದನ್ನು ಸರಿಪಡಿಸಲು 1998ರಲ್ಲಿ ಬಂದ ‘ಬೌಲ್ ಚಾಂಪಿಯನ್‌ಷಿಪ್ ಸೀರೀಸ್’ ವ್ಯವಸ್ಥೆಯು ಮತಗಣನೆಯನ್ನೂ ಗಣಕ ಲೆಕ್ಕಾಚಾರವನ್ನೂ ಬೆರೆಸಿ ಎರಡು ತಂಡಗಳನ್ನು ಆರಿಸುತ್ತಿತ್ತು. ಆದರೂ 2003ರ ಋತುವಿನ ಪಟ್ಟ ಮತ್ತೆ ಇಬ್ಭಾಗವಾಯಿತು. 2012ರ ಜನವರಿಯ ಅಂತಿಮ ಪಂದ್ಯದಲ್ಲಿ ಒಂದೇ ಕಾನ್ಫರೆನ್ಸ್‌ಗೆ ಸೇರಿದ ಅಲಬಾಮ ಮತ್ತು ಎಲ್‌ಎಸ್‌ಯು ತಂಡಗಳು ಎರಡನೆಯ ಬಾರಿ ಸೆಣಸಿದಾಗ ಉಳಿದವರ ಸಹನೆ ತೀರಿತು. ಅದೇ ವರ್ಷದ ಜೂನ್‌ನಲ್ಲಿ ನಾಲ್ಕು ತಂಡಗಳ ಪ್ಲೇಆಫ್‌ಗೆ ಒಪ್ಪಿಗೆ ದೊರೆಯಿತು.

ಗಮನಿಸಬೇಕಾದ ಅಂಶವೆಂದರೆ, ಈ ಟೂರ್ನಿಯನ್ನು ನಡೆಸುವುದು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಅಲ್ಲ, ಕಾನ್ಫರೆನ್ಸ್‌ಗಳೇ. ಅದರ ಕೆಳಗಿನ ವಿಭಾಗದಲ್ಲಿ ಎನ್‌ಸಿಎಎ 1978ರಿಂದಲೇ ಪ್ಲೇಆಫ್ ನಡೆಸುತ್ತಿದ್ದು, ಅಲ್ಲಿ ಈಗ 24 ತಂಡಗಳು ಆಡುತ್ತವೆ. ಮೇಲಿನ ವಿಭಾಗದಲ್ಲಿ ಅದು ಅಸಾಧ್ಯವೆಂಬ ಹಳೆಯ ವಾದಕ್ಕೆ ಈ ಉದಾಹರಣೆ ಸದಾ ಮುಜುಗರ ತಂದಿದೆ.

ನಾಲ್ಕರಿಂದ ಹನ್ನೆರಡಕ್ಕೆ

ನಾಲ್ಕು ತಂಡಗಳನ್ನು ಹದಿಮೂರು ಸದಸ್ಯರ ಆಯ್ಕೆ ಸಮಿತಿಯು ಆರಿಸುತ್ತಿತ್ತು. ಐದು ಪ್ರಬಲ ಕಾನ್ಫರೆನ್ಸ್‌ಗಳಿಗೆ ನಾಲ್ಕೇ ಸ್ಥಾನಗಳಿದ್ದುದರಿಂದ ಪ್ರತಿವರ್ಷ ಒಂದಕ್ಕಾದರೂ ನಿರಾಶೆ ಖಚಿತವಾಗಿತ್ತು. ಸಣ್ಣ ಕಾನ್ಫರೆನ್ಸ್‌ಗಳ ಸ್ಥಿತಿ ಇನ್ನೂ ಶೋಚನೀಯ. 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ತಂಡ ಒಂದು ಪಂದ್ಯವನ್ನೂ ಸೋಲದಿದ್ದರೂ ಆಯ್ಕೆಯಾಗಲಿಲ್ಲ. ಆ ವರ್ಗದಿಂದ ನಾಲ್ಕರ ಒಳಗೆ ಬಂದ ಏಕೈಕ ತಂಡ 2021ರ ಸಿನ್ಸಿನಾಟಿ.

2023ರ ಆಯ್ಕೆ ಈ ವ್ಯವಸ್ಥೆಯ ದೌರ್ಬಲ್ಯವನ್ನು ಬಯಲಿಗಿಟ್ಟಿತು. ಫ್ಲಾರಿಡಾ ಸ್ಟೇಟ್ ತಂಡ ಆಡಿದ ಹದಿಮೂರೂ ಪಂದ್ಯಗಳನ್ನು ಗೆದ್ದು ತನ್ನ ಪ್ರಬಲ ಕಾನ್ಫರೆನ್ಸ್‌ನ ಚಾಂಪಿಯನ್ ಆಗಿತ್ತು. ಆದರೆ ಅದರ ಕ್ವಾರ್ಟರ್‌ಬ್ಯಾಕ್ ಜೋರ್ಡಾನ್ ಟ್ರಾವಿಸ್ ಗಾಯಗೊಂಡಿದ್ದರಿಂದ ತಂಡದ ಬಲ ಕುಗ್ಗಿದೆಯೆಂದು ಭಾವಿಸಿದ ಸಮಿತಿಯು, ಒಂದು ಸೋಲು ಕಂಡಿದ್ದ ಅಲಬಾಮಗೆ ನಾಲ್ಕನೆಯ ಸ್ಥಾನ ನೀಡಿತು. ಗೆದ್ದ ಪಂದ್ಯಗಳಿಗಿಂತ ಮುಂದೆ ಗೆಲ್ಲಬಹುದೆಂಬ ಊಹೆಗೆ ಹೆಚ್ಚು ಬೆಲೆ ಬಂತೆಂಬ ಟೀಕೆಗೆ ಇದುವರೆಗೆ ಸಮರ್ಪಕ ಉತ್ತರ ಸಿಕ್ಕಿಲ್ಲ. ನಂತರ ಆರೆಂಜ್ ಬೌಲ್‌ನಲ್ಲಿ ಫ್ಲಾರಿಡಾ ಸ್ಟೇಟ್ ಜಾರ್ಜಿಯದೆದುರು 63–3ರಿಂದ ಸೋತದ್ದನ್ನು ಸಮಿತಿಯ ಸಮರ್ಥಕರು ಎತ್ತಿ ತೋರುತ್ತಾರೆ. ಆ ಪಂದ್ಯದಿಂದ ತಂಡದ ಹಲವು ಪ್ರಮುಖ ಆಟಗಾರರು ಹೊರಗುಳಿದಿದ್ದರೆಂಬುದನ್ನು ಮರೆಯುವಂತಿಲ್ಲ.

ಹನ್ನೆರಡು ತಂಡಗಳ ಪ್ರಸ್ತಾವ 2021ರ ಜೂನ್‌ನಲ್ಲೇ ಮಂಡನೆಯಾಗಿ, ಕಾನ್ಫರೆನ್ಸ್‌ಗಳ ಪರಸ್ಪರ ಅಪನಂಬಿಕೆಯಿಂದ ನಿಂತುಹೋಗಿ, 2022ರ ಸೆಪ್ಟೆಂಬರ್‌ನಲ್ಲಿ ಅಂಗೀಕಾರವಾಯಿತು. ಅಷ್ಟರಲ್ಲಿ ದೂರದರ್ಶನದ ಹಣದ ಬೆನ್ನುಹತ್ತಿದ ವಿಶ್ವವಿದ್ಯಾಲಯಗಳು ಕಾನ್ಫರೆನ್ಸ್‌ಗಳನ್ನು ಬದಲಿಸತೊಡಗಿದ್ದವು. ಪಶ್ಚಿಮ ಕರಾವಳಿಯ ಪ್ಯಾಕ್-12ರ ಹತ್ತು ಸದಸ್ಯರು 2024ರ ವೇಳೆಗೆ ಅದನ್ನು ತೊರೆದರು. ಹೀಗಾಗಿ ಆರು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮೀಸಲಿದ್ದ ಸ್ಥಾನಗಳನ್ನು ಐದಕ್ಕೆ ಇಳಿಸಿ, ಉಳಿದ ಏಳನ್ನು ಶ್ರೇಯಾಂಕಕ್ಕೆ ಬಿಡಲಾಯಿತು.

ಮೊದಲ ಸುತ್ತಿನ ಪಂದ್ಯಗಳು ವಿಶ್ವವಿದ್ಯಾಲಯಗಳ ಸ್ವಂತ ಅಂಗಳದಲ್ಲಿ ನಡೆಯತೊಡಗಿದ್ದು ಅಭಿಮಾನಿಗಳಿಗೆ ಬಹಳ ಪ್ರಿಯವಾಯಿತು. 2024ರಲ್ಲಿ ಮೊದಲ ಸುತ್ತಿನಿಂದ ವಿನಾಯಿತಿ ಪಡೆದ ನಾಲ್ಕೂ ತಂಡಗಳು ಕ್ವಾರ್ಟರ್‌ಫೈನಲ್‌ನಲ್ಲೇ ಸೋತವು. ಎಂಟನೆಯ ಶ್ರೇಯಾಂಕದ ಒಹಾಯೊ ಸ್ಟೇಟ್ ನೋಟರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ಆ ವಿನಾಯಿತಿ ಕಾನ್ಫರೆನ್ಸ್ ಚಾಂಪಿಯನ್‌ಗಳಿಗಷ್ಟೇ ಮೀಸಲೆಂಬ ನಿಯಮವನ್ನು ಮರುವರ್ಷ ಕೈಬಿಡಲಾಯಿತು.

2025ರಲ್ಲಿ ಜಗಳ ಹತ್ತನೆಯ ಶ್ರೇಯಾಂಕದ ಸುತ್ತ ನಡೆಯಿತು. ವಾರಗಟ್ಟಲೆ ನೋಟರ್ ಡೇಮ್ ತಂಡವನ್ನು ಮಯಾಮಿಗಿಂತ ಮೇಲಿರಿಸಿದ್ದ ಸಮಿತಿಯು ಕೊನೆಯ ಪಟ್ಟಿಯಲ್ಲಿ ಅದನ್ನು ತಿರುಗಿಸಿತು. ಋತುವಿನ ಮೊದಲ ಪಂದ್ಯದಲ್ಲಿ ಮಯಾಮಿಯೇ ಗೆದ್ದಿತ್ತೆಂಬುದು ಆಗಸ್ಟ್‌ನಿಂದಲೂ ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ಹಾಗೆ ಒಳಬಂದ ಮಯಾಮಿ ಅಂತಿಮ ಪಂದ್ಯದವರೆಗೂ ಸಾಗಿ, ಇಂಡಿಯಾನಾ ಎದುರು 27–21ರಿಂದ ಸೋತಿತು. ಸಣ್ಣ ಕಾನ್ಫರೆನ್ಸ್‌ಗಳ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ತಂಡಗಳು ಮೊದಲ ಸುತ್ತಿನಲ್ಲೇ ನಿರ್ಗಮಿಸಿದಾಗ ಅವುಗಳ ಅರ್ಹತೆಯನ್ನು ಪ್ರಶ್ನಿಸಲಾಯಿತು. ದೊಡ್ಡ ತಂಡಗಳೂ ಹಿಂದೆ ಇಂಥದೇ ಅಂತರದಿಂದ ಸೋತಿದ್ದವು, ಆದರೆ ಆಗ ಈ ಪ್ರಶ್ನೆ ಇಷ್ಟು ಜೋರಾಗಿ ಕೇಳಿಬಂದಿರಲಿಲ್ಲ.

ಮುಂದಿನ ವಿಸ್ತರಣೆ

ಹದಿನಾರು ತಂಡಗಳ ಕುರಿತು ಎರಡು ಮಾದರಿಗಳು ಮುಂದಿವೆ. ಐದು ಚಾಂಪಿಯನ್‌ಗಳೊಂದಿಗೆ ಹನ್ನೊಂದು ತಂಡಗಳನ್ನು ಶ್ರೇಯಾಂಕದಿಂದ ಆರಿಸುವುದು ಒಂದು. ಬಿಗ್ ಟೆನ್ ಮತ್ತು ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ಗಳಿಗೆ ತಲಾ ನಾಲ್ಕು ಸ್ಥಾನಗಳನ್ನು ಋತು ಆರಂಭಕ್ಕೆ ಮುನ್ನವೇ ಕಾಯ್ದಿರಿಸುವುದು ಇನ್ನೊಂದು. ಎರಡನೆಯದನ್ನು ಬಿಗ್ ಟೆನ್ ಬೆಂಬಲಿಸಿತು. ಆಮೇಲೆ ಇಪ್ಪತ್ತನಾಲ್ಕು ತಂಡಗಳ ಆಲೋಚನೆಯನ್ನೂ ಮುಂದಿಟ್ಟಿತು. ಮೀಸಲು ಸ್ಥಾನಗಳಿದ್ದರೆ ತಂಡಗಳು ಸೋಲಿಗಂಜದೆ ಕಠಿಣ ಎದುರಾಳಿಗಳೊಡನೆ ಆಡುತ್ತವೆ ಎಂಬುದು ಅದರ ಸಮರ್ಥನೆ. ಆಟಕ್ಕೆ ಮುನ್ನವೇ ಫಲವನ್ನು ಹಂಚಿಕೊಳ್ಳುವ ಉಪಾಯ ಇದೆಂಬುದು ವಿರೋಧಿಗಳ ಮಾತು.

2026ರಿಂದ ಜಾರಿಯಾಗುವ ಒಪ್ಪಂದದಲ್ಲಿ ಟೂರ್ನಿಯ ಸ್ವರೂಪ ನಿರ್ಧರಿಸುವ ಹೆಚ್ಚಿನ ಅಧಿಕಾರ ಈ ಎರಡು ಕಾನ್ಫರೆನ್ಸ್‌ಗಳಿಗೇ ಸೇರಿದೆ. ಇಎಸ್‌ಪಿಎನ್ ವಾಹಿನಿ ಪ್ರಸಾರ ಹಕ್ಕಿಗೆ ವರ್ಷಕ್ಕೆ ಸುಮಾರು 1.3 ಶತಕೋಟಿ ಡಾಲರ್ ನೀಡುತ್ತದೆಂದೂ ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಇವೆರಡಕ್ಕೇ ಸಲ್ಲುತ್ತದೆಂದೂ ವರದಿಗಳಿವೆ. ಆದರೆ ಇವೆರಡರ ನಡುವೆಯೇ ಒಮ್ಮತ ಮೂಡದ ಕಾರಣ 2026ರ ಋತುವಿಗೂ ಹನ್ನೆರಡು ತಂಡಗಳೇ ಉಳಿದವು.

ಆಟಗಾರರ ದೇಹದ ಪ್ರಶ್ನೆ ಈ ಚರ್ಚೆಯಲ್ಲಿ ಅಂಚಿಗೆ ಸರಿದಿದೆ. ಒಹಾಯೊ ಸ್ಟೇಟ್ ಮತ್ತು ಇಂಡಿಯಾನಾ ತಂಡಗಳು ಪ್ರಶಸ್ತಿ ಗೆದ್ದ ಋತುಗಳಲ್ಲಿ ತಲಾ ಹದಿನಾರು ಪಂದ್ಯಗಳನ್ನಾಡಿದವು. ಇದು ವೃತ್ತಿಪರ ಲೀಗ್‌ನ ಹದಿನೇಳು ಪಂದ್ಯಗಳ ಲೀಗ್ ಹಂತಕ್ಕೆ ಒಂದೇ ಕಡಿಮೆ.

ಬೌಲ್ ಪಂದ್ಯಗಳ ಸ್ಥಿತಿ

ರೋಸ್, ಶುಗರ್, ಆರೆಂಜ್, ಕಾಟನ್, ಫಿಯೆಸ್ಟಾ ಮತ್ತು ಪೀಚ್ ಬೌಲ್‌ಗಳು ಈಗ ಪ್ಲೇಆಫ್‌ನ ಕ್ವಾರ್ಟರ್‌ಫೈನಲ್ ಹಾಗೂ ಸೆಮಿಫೈನಲ್‌ಗಳ ತಾಣಗಳಾಗಿ ಉಳಿದುಕೊಂಡಿವೆ. ಉಳಿದ ಮೂವತ್ತಕ್ಕೂ ಹೆಚ್ಚು ಬೌಲ್‌ಗಳಿಗೆ ಆ ಆಸರೆಯಿಲ್ಲ. 2016ರ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ ನೋಟರ್ ಡೇಮ್‌ನ ಜೇಲನ್ ಸ್ಮಿತ್ ಮೊಣಕಾಲಿಗೆ ತೀವ್ರ ಪೆಟ್ಟು ತಿಂದರು. ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಅವರು ಎರಡನೆಯ ಸುತ್ತಿಗೆ ಕುಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಿಯೊನಾರ್ಡ್ ಫೋರ್ನೆಟ್ ಮತ್ತು ಕ್ರಿಶ್ಚಿಯನ್ ಮೆಕ್ಯಾಫ್ರಿ ತಮ್ಮ ತಂಡಗಳ ಬೌಲ್ ಪಂದ್ಯಗಳಿಂದ ಹಿಂದೆ ಸರಿದರು. ಇಬ್ಬರೂ ಮುಂದಿನ ಆಯ್ಕೆಯಲ್ಲಿ ಮೊದಲ ಹತ್ತರೊಳಗೆ ಸ್ಥಾನ ಪಡೆದರು. ಅಂದಿನಿಂದ ಹೀಗೆ ಹೊರಗುಳಿಯುವುದು ವಾಡಿಕೆಯಾಯಿತು.

ಹಾಗೆಂದು ಬೌಲ್‌ಗಳು ಜನಪ್ರಿಯತೆಯನ್ನು ಪೂರ್ತಿ ಕಳೆದುಕೊಂಡಿಲ್ಲ. ರಜೆಯ ದಿನಗಳಲ್ಲಿ ದೂರದರ್ಶನಕ್ಕೆ ಇವು ಸುಲಭವಾಗಿ ಒದಗುವ ಸರಕು. ಹತ್ತಕ್ಕೂ ಹೆಚ್ಚು ಬೌಲ್‌ಗಳ ಒಡೆತನ ಇಎಸ್‌ಪಿಎನ್ ಬಳಗದ್ದೇ ಆಗಿದೆ. ಗೆದ್ದ ತಂಡಕ್ಕೆ ತಿನ್ನಲು ಮ್ಯಾಸ್ಕಾಟನ್ನೇ ಒದಗಿಸುವ ಪಾಪ್-ಟಾರ್ಟ್ಸ್ ಬೌಲ್‌ನಂಥವು ತಮಾಷೆಯನ್ನೇ ಬಂಡವಾಳ ಮಾಡಿಕೊಂಡಿವೆ. ಆರು ಗೆಲುವುಗಳೊಂದಿಗೆ ಋತು ಮುಗಿಸುವ ಸಾಧಾರಣ ತಂಡಕ್ಕೆ ಬೌಲ್ ಎಂದರೆ ಹೆಚ್ಚುವರಿ ವಾರಗಳ ಅಭ್ಯಾಸವೂ ಒಂದು ಪ್ರವಾಸವೂ ಹೌದು.

2025ರ ಡಿಸೆಂಬರ್‌ನಲ್ಲಿ ಪ್ಲೇಆಫ್ ಕೈತಪ್ಪಿದ ನೋಟರ್ ಡೇಮ್ ಬೌಲ್ ಆಡಲು ನಿರಾಕರಿಸಿತು. ತರಬೇತುದಾರರ ಬದಲಾವಣೆಯ ನಡುವಿದ್ದ ಅಯೋವಾ ಸ್ಟೇಟ್ ಮತ್ತು ಕಾನ್ಸಸ್ ಸ್ಟೇಟ್ ತಂಡಗಳೂ ಹಿಂದೆ ಸರಿದವು. ಅವೆರಡರ ಮೇಲೆ ಬಿಗ್ 12 ಕಾನ್ಫರೆನ್ಸ್ ತಲಾ 5 ಲಕ್ಷ ಡಾಲರ್ ದಂಡ ವಿಧಿಸಿತು. ಯಾವ ಕಾನ್ಫರೆನ್ಸ್‌ಗೂ ಸೇರದೆ ಫುಟ್‌ಬಾಲ್ ಆಡುವ ನೋಟರ್ ಡೇಮ್‌ಗೆ ಅಂಥ ದಂಡ ವಿಧಿಸುವವರು ಯಾರೂ ಇರಲಿಲ್ಲ.