ಲೆನ್ಸ್ ಫಾರಿನ್ನಾ ಅಂತ ಆಮೇಲೆ ಕೇಳಿ, ಅಳತೆ ಯಾರು ತೆಗೆದ್ರು ಹೇಳಿ

ನಮ್ಮೂರಲ್ಲಿ ರವಿಕೆ ಹೊಲಿಯೋ ಟೈಲರ್ ಕೂಡ ಟೇಪು ಹಿಡಿಯದೆ ಬಟ್ಟೆಗೆ ಕತ್ತರಿ ಹಾಕಲ್ಲ. ಅರ್ಧ ಇಂಚು ಹೆಚ್ಚುಕಮ್ಮಿಯಾದ್ರೆ ಮಾರನೇ ದಿನ ಅಂಗಡಿ ಮುಂದೆ ಜಗಳ. ಆದ್ರೆ ಅಪ್ಪನ ಕಣ್ಣಿನ ಪೊರೆ ತೆಗೆಸಿ, ಕೊನೇತನಕ ಅಲ್ಲೇ ಇರಬೇಕಾದ ಲೆನ್ಸ್ ಹಾಕಿಸುವಾಗ ನಾವು ಕೇಳೋದು ಎರಡೇ ಪ್ರಶ್ನೆ: "ಇಂಡಿಯನ್ನಾ, ಫಾರಿನ್ನಾ?", "ಪ್ಯಾಕೇಜ್ ಎಷ್ಟು?" ಕೌಂಟರಿನವರು ಮೊಬೈಲ್ ರೀಚಾರ್ಜ್ ಪ್ಲಾನ್ ಥರ ಒಂದು ಚಾರ್ಟ್ ಮುಂದಿಡ್ತಾರೆ. ನಾವು ಐಟಿ ಮಕ್ಕಳು ತೀರಾ ಅಗ್ಗದ್ದು ಬೇಡ ಅಂತ ಮಧ್ಯದ್ದೊಂದು ಆರಿಸಿ, ಕಾರ್ಡ್ ಉಜ್ಜಿ, ಋಣ ತೀರಿಸಿದ ಸಮಾಧಾನದಲ್ಲಿ ಹೊರಗೆ ಬಂದು ಕಾಫಿ ಕುಡೀತೀವಿ. ಲೆನ್ಸಿನ ನಂಬರ್ ಎಷ್ಟು, ಅದು ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲ್ಲ.

ಆ ನಂಬರ್ ಒಂದು ಲೆಕ್ಕ ಕಣ್ರೀ. ಎರಡು ಅಳತೆ ಮುಖ್ಯ: ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಎಷ್ಟು ಉದ್ದ, ಮುಂದಿರೋ ಕಾರ್ನಿಯಾ ಎಷ್ಟು ಬಾಗಿದೆ. 1980ರ ಸುಮಾರಿಗೆ ಬಂದ ಎಸ್‌ಆರ್‌ಕೆ ಅನ್ನೋ ಸೂತ್ರ ಪಿಯುಸಿ ಹುಡುಗನಿಗೂ ಅರ್ಥವಾಗುತ್ತೆ. ಲೆನ್ಸಿನ ಜಾತಿಗೆ ತಕ್ಕ ಒಂದು ಸ್ಥಿರಾಂಕ, ಉದಾಹರಣೆಗೆ 118.4. ಅದರಲ್ಲಿ ಉದ್ದದ ಎರಡೂವರೆ ಪಟ್ಟು ಕಳೀರಿ, ಬಾಗಿನ 0.9 ಪಟ್ಟು ಕಳೀರಿ, ಮುಗೀತು. ಉದ್ದ 23.5 ಮಿಲಿಮೀಟರ್, ಬಾಗು 44 ಇದ್ರೆ ಉತ್ತರ 20.05, ಅಂದ್ರೆ 20 ಡಯಾಪ್ಟರ್ ಲೆನ್ಸ್. ಅದೇ ಕಣ್ಣನ್ನ ಒಂದು ಮಿಲಿಮೀಟರ್ ಕಮ್ಮಿ ಅಳೆದ್ರೆ ಉತ್ತರ 22.55. ಒಂದೇ ಒಂದು ಮಿಲಿಮೀಟರ್, ಲೆನ್ಸಿನಲ್ಲಿ ಎರಡೂವರೆ ಡಯಾಪ್ಟರ್! ಕನ್ನಡಕಕ್ಕೆ ಇಳಿಸಿದ್ರೂ ಒಂದೂವರೆಗಿಂತ ಜಾಸ್ತಿ ಮೈನಸ್ ಬಂದು ಕೂರುತ್ತೆ. ಈಗ ಇದಕ್ಕಿಂತ ಒಳ್ಳೇ ಸೂತ್ರಗಳಿವೆ, ತುಂಬಾ ಉದ್ದ, ತುಂಬಾ ಗಿಡ್ಡ ಕಣ್ಣಿಗೆ ಹಳೇದು ಸಾಲದು ಕೂಡ. ಬ್ಯಾರೆಟ್ ಅವರ ಸೂತ್ರವಂತೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತೆ. ಆದ್ರೆ ಯಾವ ಸೂತ್ರವೂ ತಪ್ಪು ಅಳತೆಯನ್ನ ಸರಿ ಮಾಡಲ್ಲ. ಕಸ ಹಾಕಿದ್ರೆ ಕಸವೇ ಬರೋದು, ನಮ್ಮ ಕೋಡ್ ಥರಾನೇ.

ಇದೇನು ಹೊಸ ಜ್ಞಾನ ಅಲ್ಲ. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೇಲಿ ಹೆರಾಲ್ಡ್ ರಿಡ್ಲೆ ಮೊಟ್ಟಮೊದಲು ಕಣ್ಣೊಳಗೆ ಕೃತಕ ಲೆನ್ಸ್ ಇಟ್ಟಾಗಲೇ ಈ ಪಾಠ ಆಗಿತ್ತು. ಯುದ್ಧವಿಮಾನಗಳ ಮುಚ್ಚಳದ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಸುಮ್ಮನಿದ್ದದ್ದನ್ನ ನೋಡಿದ್ದ ಮನುಷ್ಯ ಆತ. ಅಂಥದೇ ಪ್ಲಾಸ್ಟಿಕ್ಕಿನಲ್ಲಿ ಲೆನ್ಸ್ ಮಾಡಿಸಿದ. ಕಣ್ಣು ಒಪ್ಪಿಕೊಳ್ತು, ಪವರ್ ಮಾತ್ರ ಕೈಕೊಡ್ತು. ರೋಗಿಗೆ ಮೈನಸ್ 15ಕ್ಕೂ ಮೀರಿದ ದೃಷ್ಟಿದೋಷ ಬಂತು. ಕಣ್ಣಿನ ಅಳತೆಯಿಂದ ಲೆಕ್ಕ ಹಾಕೋ ಸೂತ್ರವನ್ನ ರಷ್ಯಾದ ಫ್ಯೋದೊರೋವ್ ಮತ್ತು ಜೊತೆಗಾರರು 1967ರಲ್ಲೇ ಕೊಟ್ರು. ಅಂದ್ರೆ ನಾನು ಹುಟ್ಟೋಕೆ ಮುಂಚೇನೇ ಉತ್ತರ ಸಿಕ್ಕಿದ ಪ್ರಶ್ನೆ ಇದು.

ನಮ್ಮ ಕಡೆ ಪೊರೆ ಆಪರೇಷನ್ ಅಂದ್ರೆ ಹಿಂದಿನವರಿಗೆ ನೆನಪಾಗೋದು ಡಾ. ಎಂ.ಸಿ. ಮೋದಿಯವರ ಕ್ಯಾಂಪುಗಳು. ಆ ಕಾಲದಲ್ಲಿ ಲೆನ್ಸ್ ಹಾಕೋ ಮಾತೇ ಇರಲಿಲ್ಲ. ಪೊರೆ ತೆಗೆದು ಪ್ಲಸ್ 10ರ ಆಸುಪಾಸಿನ ಸೋಡಾ ಬಾಟಲಿ ಕನ್ನಡಕ ಕೊಡೋರು, ಕುರುಡನಿಗೆ ಲೋಕ ಕಂಡ್ರೆ ಅದೇ ಪವಾಡ. ಅದಕ್ಕೆ ಕೈ ಮುಗೀಬೇಕು, ಮುಗೀತೀನಿ. 1992ರಲ್ಲಿ ಮಧುರೈನ ಅರವಿಂದ್ ಕಣ್ಣಾಸ್ಪತ್ರೆಯವರು ಅರೋಲ್ಯಾಬ್ ಶುರು ಮಾಡಿ ಲೆನ್ಸನ್ನ ಬಡವರ ಕೈಗೆ ಎಟಕಿಸಿದ್ರು. ಲೆನ್ಸ್ ಅಗ್ಗ ಆಯ್ತು. ಆದ್ರೆ "ಏನೋ ಒಂದು ಕಂಡ್ರೆ ಸಾಕು" ಅನ್ನೋ ಸೋಡಾ ಬಾಟಲಿ ಮನಸ್ಸು ಹೋಗಲಿಲ್ಲ. ಎಲ್ಲರಿಗೂ ಒಂದೇ 'ಸ್ಟ್ಯಾಂಡರ್ಡ್ ಪವರ್' ಹಾಕಿ ಕಳಿಸೋ ಪದ್ಧತಿ ಬಡದೇಶಗಳ ಕ್ಯಾಂಪುಗಳಲ್ಲಿ ನಡೆದದ್ದುಂಟು. ಚಪ್ಪಲಿಯನ್ನೂ ಹಾಗೆ ಹಂಚಲ್ಲ ಸ್ವಾಮಿ.

ಇಲ್ಲೊಂದು ವ್ಯಂಗ್ಯ ಇದೆ, ಯಾರೂ ಹೇಳಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಬೆಳಕಿನಿಂದ ಅಳೆಯೋ ಮೆಷಿನ್ ಇದೆ, ಕಣ್ಣು ಮುಟ್ಟೋದೇ ಬೇಡ. ಆದ್ರೆ ಪೊರೆ ಬಲಿತು ಬೆಳ್ಳಗಾಗಿದ್ರೆ ಆ ಬೆಳಕು ಒಳಗೆ ಹೋಗೋದೇ ಇಲ್ಲ, ಅಳತೆ ಸಿಗಲ್ಲ. ಪೊರೆ ಬಲಿಯೋವರೆಗೂ ಕಾಯೋರು ಯಾರು? ಬೆಂಗಳೂರಿನ ಅಪಾರ್ಟ್‌ಮೆಂಟಿನವರಲ್ಲ. ನಾಟಿ ಮುಗೀಲಿ, ಮಗಳ ಬಾಣಂತನ ಮುಗೀಲಿ ಅಂತ ಮುಂದಕ್ಕೆ ಹಾಕ್ತಾ ಬಂದ ನಮ್ಮೂರ ಹೆಂಗಸರು. ಅವರಿಗೆ ಅಲ್ಟ್ರಾಸೌಂಡಿನ ಎ-ಸ್ಕ್ಯಾನೇ ಗತಿ. ಅದರ ಕಡ್ಡಿಯನ್ನ ಕಣ್ಣಿಗೆ ತಾಗಿಸ್ತಾರೆ, ಚೂರು ಒತ್ತಿದ್ರೆ ಕಣ್ಣು ತಗ್ಗಿ ಉದ್ದ ಕಮ್ಮಿ ತೋರಿಸುತ್ತೆ. ಅಂದ್ರೆ ಅತಿ ಹುಷಾರಾದ ಕೈ ಬೇಕಾದ ಜಾಗದಲ್ಲೇ ಬೆಳಗ್ಗೆಯಿಂದ ನೂರು ಕಣ್ಣು ಮುಗಿಸೋ ಗಡಿಬಿಡಿ.

ನನ್ನ ಸೋದರತ್ತೆಗೆ ಆದದ್ದು ಇದೇ ಇರಬೇಕು. ಆಪರೇಷನ್ ಆಯ್ತು, ಕಪ್ಪು ಕನ್ನಡಕ ಬಂತು, ಬ್ರೆಡ್ಡು ಬಂತು, ಮುಖಂಡರ ಜೊತೆ ಗ್ರೂಪ್ ಫೋಟೋನೂ ಬಂತು. ಎರಡು ತಿಂಗಳಾದ್ರೂ ಬಸ್ಸಿನ ಬೋರ್ಡು ಮಾತ್ರ ಮಂಜು ಮಂಜು. ಕೇಳಿದ್ದಕ್ಕೆ "ವಯಸ್ಸಾಯ್ತಲ್ಲಮ್ಮ, ಇನ್ನೇನು ಕಾಣಬೇಕು?" ಅಂದ್ರಂತೆ. ಆಕೆ ನಂಬಿಬಿಟ್ಲು. ಬೇರೆ ಕಡೆ ತೋರಿಸಿದ್ರೆ ಮೈನಸ್ ಎರಡು. ಕನ್ನಡಕ ಹಾಕಿದ ಕೂಡಲೇ ಗೋಡೆ ಮೇಲಿನ ಕೊನೇ ಸಾಲು ಓದಿದ್ಲು! ಕಣ್ಣು ಚೆನ್ನಾಗಿತ್ತು, ಆಪರೇಷನ್ನೂ ಚೆನ್ನಾಗಿತ್ತು, ನಂಬರ್ ಹೊಂದಿರಲಿಲ್ಲ. ಅಕ್ಕಿ ಆರಿಸೋಕೆ ಅನುಕೂಲ ಆಗ್ಲಿ ಅಂತ ಬೇಕಂತಲೇ ಹತ್ತಿರದ ನೋಟಕ್ಕೆ ಹಾಕಿದ್ರು ಅಂದ್ರೆ ಒಪ್ಪಬಹುದಿತ್ತು, ಹಾಗೂ ಮಾಡ್ತಾರೆ. ಆದ್ರೆ ಆಕೆಗೆ ದೂರ ಬೇಕಾ ಹತ್ತಿರ ಬೇಕಾ ಅಂತ ಯಾರೂ ಕೇಳಿರಲಿಲ್ಲ. ಕಾರ್ಡಿನ ಮೇಲೆ ಲೆನ್ಸ್ ಡಬ್ಬಿಯ ಸ್ಟಿಕ್ಕರ್ ಇತ್ತು. ಅಳತೆಯ ಚೀಟಿ ಕೇಳಿದ್ರೆ "ಅದನ್ನೆಲ್ಲ ಇಟ್ಕೊಳ್ಳಲ್ಲ" ಅಂತ ಉತ್ತರ.

"ಪುಕ್ಕಟೆ ಮಾಡೋದರಲ್ಲೂ ಕೊಂಕು ತೆಗೀತೀಯಲ್ಲ" ಅಂತ ನನ್ನ ಗೆಳೆಯನೇ ಬೈದ. ಒಂದು ಕೇಳ್ತೀನಿ. 20ರ ಲೆನ್ಸಿಗೂ 22.5ರ ಲೆನ್ಸಿಗೂ ರೇಟು ಒಂದೇ ತಾನೇ? ಸರಿಯಾದ್ದು ಹಾಕಿದ್ರೆ ದಾನಿಗಳಿಗೆ ಯಾವ ನಷ್ಟ? ಕಡ್ಡಿ ಒತ್ತೋ ಸಮಸ್ಯೆಗೆ ಇಮ್ಮರ್ಶನ್ ಅನ್ನೋ ಉಪಾಯ ಇದೆ. ಕಣ್ಣಿನ ಮೇಲೊಂದು ಪುಟ್ಟ ಬಟ್ಟಲು, ಅದರೊಳಗೆ ಸಲೈನ್ ನೀರು, ಕಡ್ಡಿ ಕಾರ್ನಿಯಾಗೆ ತಾಗೋದೇ ಇಲ್ಲ. ಕೋಟಿ ರೂಪಾಯಿ ಕೆಲಸ ಅಲ್ಲ ಇದು. ಎರಡೂ ಕಣ್ಣು ಅಳೀರಿ, ಉದ್ದದಲ್ಲಿ 0.3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಮತ್ತೆ ಅಳೀರಿ. ನಾವು ಒಂದು ಲಾಗಿನ್ ಪೇಜಿಗೆ ಇದಕ್ಕಿಂತ ಜಾಸ್ತಿ ವ್ಯಾಲಿಡೇಶನ್ ಬರೀತೀವಿ.

ಇನ್ನು ಲೆಕ್ಕ ಇಡೋ ವಿಷಯ. ಬ್ರಿಟನ್ನಿನಲ್ಲಿ 100ಕ್ಕೆ 85 ಕಣ್ಣಾದ್ರೂ ಅಂದುಕೊಂಡ ನಂಬರಿನ ಒಂದು ಡಯಾಪ್ಟರ್ ಒಳಗೆ ಬರಬೇಕು ಅಂತ 2009ರಲ್ಲೇ ಗುರಿ ಹಾಕಿಕೊಂಡ್ರು. ನಮ್ಮ ಬ್ಯಾನರ್ ಮೇಲೆ ಇರೋದು "ಒಂದೇ ದಿನ ಇಷ್ಟು ಶಸ್ತ್ರಚಿಕಿತ್ಸೆ" ಅನ್ನೋದು ಮಾತ್ರ. ತಿಂಗಳ ಮೇಲೆ ರೋಗೀನ ಕರೆದು ಎಷ್ಟು ಅಂದುಕೊಂಡಿದ್ವಿ, ಎಷ್ಟು ಬಂತು ಅಂತ ನೋಡಿದ್ರೆ ತಾನೇ ಆ ಸೂತ್ರದ ಸ್ಥಿರಾಂಕವನ್ನ ತಮ್ಮ ಮೆಷಿನ್ನಿಗೆ, ತಮ್ಮ ಕೈಗೆ ತಕ್ಕಂತೆ ತಿದ್ದಿಕೊಳ್ಳೋಕೆ ಆಗೋದು? ಲಾಗ್ ನೋಡದೆ ಪ್ರೊಡಕ್ಷನ್ನಿಗೆ ಬಿಡೋ ಟೀಮನ್ನ ನಮ್ಮ ಮ್ಯಾನೇಜರ್ ಮನೆಗೆ ಕಳಿಸ್ತಾನೆ.

ದುಡ್ಡು ಕೊಟ್ಟವರೂ ನಿಶ್ಚಿಂತೆಯಿಂದ ಇರಬೇಡಿ. ಆ ಚಾರ್ಟಿನ ತುದೀಲಿರೋ ಮಲ್ಟಿಫೋಕಲ್ ಲೆನ್ಸು ನಂಬರ್ ತಪ್ಪಾದ್ರೆ ಮಾಮೂಲಿ ಲೆನ್ಸಿಗಿಂತ ಜಾಸ್ತಿ ಕಾಡುತ್ತೆ. ಹಾಗಾಗಿ ಪ್ಯಾಕೇಜ್ ಮಾತಾಡೋಕೆ ಮುಂಚೆ ಅಳತೆಯ ಪ್ರಿಂಟ್‌ಔಟ್ ಕೇಳಿ. ಯಾವ ಮೆಷಿನ್, ಯಾವ ಸೂತ್ರ, ಆಪರೇಷನ್ ಆದಮೇಲೆ ಎಷ್ಟು ಉಳಿಯುತ್ತೆ ಅಂತ ಅಂದಾಜು, ಎಲ್ಲ ಅದರಲ್ಲೇ ಇರುತ್ತೆ. ಕೊಡಲ್ಲ ಅಂದ್ರೆ ಎದ್ದು ಬನ್ನಿ, ಪೊರೆ ಸಾಮಾನ್ಯವಾಗಿ ಒಂದು ವಾರ ಕಾಯುತ್ತೆ.

ನನ್ನ ಜೊತೆ ಕೂತು ಕೋಡ್ ಬರೆಯೋರಲ್ಲಿ ಲೇಸಿಕ್ ಮಾಡಿಸಿಕೊಂಡವರು ಸುಮಾರು ಜನ ಇದ್ದಾರೆ. ಕನ್ನಡಕ ಬಿಸಾಕಿದ ಖುಷೀಲಿ ಆಪರೇಷನ್ನಿಗೆ ಮುಂಚಿನ ರಿಪೋರ್ಟೂ ಬಿಸಾಕಿದ್ದಾರೆ. ಲೇಸಿಕ್ ಕಾರ್ನಿಯಾದ ಆಕಾರ ಬದಲಿಸೋದರಿಂದ ಮುಂದೆ ಪೊರೆ ಬಂದಾಗ ಬಾಗಿನ ಮಾಮೂಲಿ ಅಳತೆ ಮೋಸ ಮಾಡುತ್ತೆ, ಬೇಕಾದ್ದಕ್ಕಿಂತ ಕಮ್ಮಿ ಪವರಿನ ಲೆನ್ಸ್ ಬಂದು ಕೂರಬಹುದು. ಇವತ್ತೇ ಆ ಆಸ್ಪತ್ರೆಗೆ ಫೋನ್ ಮಾಡಿ, ಹಳೇ ರಿಪೋರ್ಟ್ ತರಿಸಿಕೊಂಡು ಮನೆ ಪತ್ರದ ಜೊತೆ ಬೀರುವಿನಲ್ಲಿಡಿ.